ಮೂರು ಕೋಟು, ಒಂದು ಗೌನು: ‘ದಿ ರೋಸ್ ಆಫ್ ವರ್ಸೇಲ್ಸ್’ ನೋಡಿ

ಜಪಾನಿ ಅನಿಮೇಷನ್ ಧಾರಾವಾಹಿ ‘ದಿ ರೋಸ್ ಆಫ್ ವರ್ಸೇಲ್ಸ್’ನ ನಾಯಕಿ, ಗಂಡಿನಂತೆ ಬೆಳೆದ ಆಸ್ಕರ್, ದೊಡ್ಡವಳಾದ ಮೇಲೆ ಗೌನು ತೊಡುವುದು ಒಂದೇ ಒಂದು ಸಲ. ಉಳಿದಂತೆ 40 ಕಂತುಗಳುದ್ದಕ್ಕೂ ಅವಳು ಸೇನೆಯ ಕೋಟಿನಲ್ಲಿರುತ್ತಾಳೆ. ಮನೆಯಲ್ಲಿದ್ದರೆ ಸಡಿಲ ಅಂಗಿ, ಬಿಗಿ ಷರಾಯಿ. ನಾಟಕ ತಂಡಗಳಿಗೆ ಉಡುಪು ಹೊಲಿದುಕೊಡುವುದು ನನ್ನ ಕಸುಬು. ಪಾತ್ರ ಬಾಯಿ ತೆರೆಯುವ ಮೊದಲೇ ತೋಳನ್ನು ಎಲ್ಲಿ ಕೂಡಿಸಿದ್ದಾರೆ, ಕಾಲರ್ ಎಷ್ಟು ಎತ್ತರವಿದೆ, ಗುಂಡಿಯ ಸಾಲು ಎಲ್ಲಿ ನಿಲ್ಲುತ್ತದೆ ಎಂದು ನೋಡುವ ಚಾಳಿ ನನ್ನನ್ನು ಬಿಟ್ಟುಹೋಗುವುದಿಲ್ಲ. ಗಂಡಸುತನ, ಹೆಣ್ತನ ಎರಡನ್ನೂ ಯಾರೋ ಅಳತೆ ತೆಗೆದು, ಹೊಲಿದು, ತೊಡಿಸುತ್ತಾರೆ ಎಂಬುದನ್ನು ಇಷ್ಟು ಚೆನ್ನಾಗಿ ಕಾಣಿಸಿದ ಅನಿಮೇಷನ್ ಧಾರಾವಾಹಿಯನ್ನು ನಾನು ಬೇರೆ ನೋಡಿಲ್ಲ. ಆದರೆ ಫ್ರೆಂಚ್ ಕ್ರಾಂತಿಯ ಹೊಸ್ತಿಲಿಗೆ ಬಂದು ನಿಂತಾಗ ಅದೇ ಧಾರಾವಾಹಿ ಕೈ ನಡುಗಿ ಕತ್ತರಿಯನ್ನು ಕೆಳಗಿಡುತ್ತದೆ ಎಂಬುದು ನನ್ನ ತಕರಾರು. ಕಥೆಯ ಕೊನೆಯನ್ನು ಬಿಟ್ಟುಕೊಡದೆ ಈ ತಕರಾರನ್ನು ಹೇಳಲು ಬರುವುದಿಲ್ಲ. ಬ್ಯಾಸ್ಟೀಲ್ ಕೋಟೆ ಬಿತ್ತು ಎಂಬುದಂತೂ ಎಲ್ಲರಿಗೂ ಗೊತ್ತಿರುವ ಸಂಗತಿ.

ಮೂಲ ರಿಯೊಕೊ ಇಕೆದಾ ಅವರ ಮಾಂಗಾ, ಅಂದರೆ ಜಪಾನಿ ಚಿತ್ರಕಥೆ. 1972ರ ಮೇ ತಿಂಗಳಿಂದ 1973ರ ಕೊನೆಯವರೆಗೆ ಜಪಾನಿನ ಹುಡುಗಿಯರ ವಾರಪತ್ರಿಕೆ ‘ಮಾರ್ಗರೆಟ್’ನಲ್ಲಿ ಅದು ಬಂತು. ಶುರು ಮಾಡಿದಾಗ ಇಕೆದಾಗೆ 24 ವರ್ಷ. ಸ್ಟೀಫನ್ ಜ್ವಾಯಿಗ್ 1932ರಲ್ಲಿ ಬರೆದ, ಫ್ರಾನ್ಸಿನ ರಾಣಿ ಮೇರಿ ಆಂಟೊನೆಟ್‌ಳ ಜೀವನಚರಿತ್ರೆ ಅದಕ್ಕೆ ಪ್ರೇರಣೆ. ರಾಣಿಯ ಕಥೆ ಹೇಳಲು ಹೊರಟವರ ಕೈಯಿಂದ, ರಾಣಿಯ ಕಾವಲಿಗೆಂದು ಕಲ್ಪಿಸಿಕೊಂಡ ಪಾತ್ರವೇ ಕಥೆಯನ್ನು ಕಿತ್ತುಕೊಂಡಿತು. 1974ರಲ್ಲಿ ತಕರಾಜುಕಾ ತಂಡ ಅದನ್ನು ರಂಗಕ್ಕೆ ತಂದಿತು. ಅಲ್ಲಿ ಗಂಡು ಪಾತ್ರಗಳನ್ನೂ ಹೆಂಗಸರೇ ಮಾಡುತ್ತಾರೆ. ಹಾಗಾಗಿ ಗಂಡಿನಂತೆ ಬೆಳೆದ ಹೆಣ್ಣಿನ ಪಾತ್ರವನ್ನು ಗಂಡು ಪಾತ್ರಗಳಲ್ಲೇ ಪಳಗಿದ ನಟಿಯೊಬ್ಬಳು ಮಾಡುವ ಸೊಗಸು ಅಲ್ಲಿ ಸಿಗುತ್ತದೆ. ನಾನು ಇಲ್ಲಿ ಬರೆಯುತ್ತಿರುವುದು ಮುಖ್ಯವಾಗಿ 1979ರ ಅಕ್ಟೋಬರ್‌ನಿಂದ 1980ರ ಸೆಪ್ಟೆಂಬರ್‌ವರೆಗೆ ಟೋಕಿಯೊ ಮೂವಿ ಶಿನ್ಶಾ ಸಂಸ್ಥೆ ಮಾಡಿದ ಟಿವಿ ಧಾರಾವಾಹಿಯ ಬಗ್ಗೆ. 2025ರ ಸಿನಿಮಾದ ಮಾತು ಕೊನೆಯಲ್ಲಿ ಬರುತ್ತದೆ.

ಜನರಲ್ ಜಾರ್ಜೆಗೆ ಹುಟ್ಟಿದ್ದೆಲ್ಲ ಹೆಣ್ಣು. 1755ರ ಡಿಸೆಂಬರ್ 25ರಂದು ಆರನೆಯದೂ ಹೆಣ್ಣಾದಾಗ ಆತ ಮಗುವಿನ ಅಳುವನ್ನು ಕೇಳಿ, ಇವಳು ಗಂಡಾಗಿಯೇ ಬೆಳೆಯಲಿ ಎಂದು ತೀರ್ಮಾನಿಸಿ ಆಸ್ಕರ್ ಫ್ರಾಂಸ್ವಾ ಎಂದು ಹೆಸರಿಡುತ್ತಾನೆ. ಕತ್ತಿ, ಕುದುರೆ, ಸೇನೆಯ ಶಿಸ್ತು, ಎಲ್ಲವೂ ಬರುತ್ತದೆ. ಜೊತೆಗೆ ಆಡಿ ಬೆಳೆದವನು ಮನೆಯ ದಾದಿಯ ಮೊಮ್ಮಗ ಆಂದ್ರೇ ಗ್ರಾಂದಿಯೇ. 1770ರಲ್ಲಿ 14 ವರ್ಷದ ಆಂಟೊನೆಟ್ ಆಸ್ಟ್ರಿಯಾದಿಂದ ಸೊಸೆಯಾಗಿ ಬಂದಾಗ, ಅವಳ ಕಾವಲಿಗೆ ನಿಲ್ಲುವ ದಳದಲ್ಲಿ ಆಸ್ಕರ್‌ಗೂ ಅದೇ ಹದಿನಾಲ್ಕು. ಸ್ವೀಡನ್ನಿನ ಕೌಂಟ್ ಫರ್ಸೆನ್ ಕೂಡ ಅದೇ 1755ರಲ್ಲಿ ಹುಟ್ಟಿದವನು. ಆಂಟೊನೆಟ್ ಮತ್ತು ಫರ್ಸೆನ್ ಇತಿಹಾಸದವರು, ಆಸ್ಕರ್ ಮತ್ತು ಆಂದ್ರೇ ಕಲ್ಪನೆಯವರು. ನಾಲ್ವರನ್ನೂ ಹೆಣೆದಿರುವ ರೀತಿಯಲ್ಲಿ ಎಲ್ಲಿಯೂ ತೇಪೆ ಹಾಕಿದಂತೆ ಕಾಣುವುದಿಲ್ಲ.

ವೇಷ ಮರೆಸಿಕೊಂಡ ಹೆಣ್ಣಿನ ಕಥೆಗಳಲ್ಲಿ ಗುಟ್ಟು ಬಯಲಾಗುವುದೇ ಕಥೆಯ ಕೀಲು. ಇಲ್ಲಿ ಗುಟ್ಟೇ ಇಲ್ಲ. ಆಸ್ಕರ್ ಹೆಣ್ಣು ಎಂಬುದು ಅರಮನೆಯಲ್ಲಿ ರಾಜನಿಂದ ಹಿಡಿದು ಕುದುರೆಲಾಯದವನವರೆಗೆ ಎಲ್ಲರಿಗೂ ಗೊತ್ತು. ಆದರೂ ಅವಳ ಆಜ್ಞೆ ನಡೆಯುತ್ತದೆ, ಆಸ್ಥಾನದ ಹೆಂಗಸರು ಅವಳು ಹಾದುಹೋದರೆ ಬೀಸಣಿಗೆಯ ಮರೆಯಲ್ಲಿ ನಿಟ್ಟುಸಿರು ಬಿಡುತ್ತಾರೆ, ಅವಳು ಇನ್ನೊಬ್ಬ ಹುಡುಗಿಯನ್ನು ಜೊತೆಗೆ ಕರೆತಂದರೆ ಮುನಿಸಿಕೊಳ್ಳುತ್ತಾರೆ. ಗೊತ್ತಿದ್ದೂ ಮೋಹಿಸುವುದರಲ್ಲಿ ಅವರಿಗೇನೂ ಮುಜುಗರವಿಲ್ಲ. ಗೊತ್ತಿಲ್ಲದೆ ಬರುವವಳು ರೊಸಾಲಿ ಒಬ್ಬಳು. ಪ್ಯಾರಿಸ್ಸಿನ ಬಡ ಹುಡುಗಿ, ಹಸಿವಿಗೆ ಸೋತು, ದಾರಿಯಲ್ಲಿ ಸಾಗುವ ಗಾಡಿಯನ್ನು ನಿಲ್ಲಿಸಿ ಒಂದು ರಾತ್ರಿಗೆ ತನ್ನನ್ನು ಕೊಳ್ಳಿ ಎಂದು ಆಸ್ಕರ್‌ಳನ್ನು ಕೇಳುತ್ತಾಳೆ. ಆಸ್ಕರ್ ಜೋರಾಗಿ ನಕ್ಕು, ತಾನು ಹೆಣ್ಣೆಂದು ಹೇಳಿ, ಚಿನ್ನದ ನಾಣ್ಯವೊಂದನ್ನು ಕೈಗಿಟ್ಟು ಹೊರಟುಹೋಗುತ್ತಾಳೆ. ಆ ನಗು ನನಗೆ ಹಿಡಿಸಲಿಲ್ಲ, ಹಿಡಿಸಬಾರದು ಎಂದೇ ಅದನ್ನು ಅಲ್ಲಿ ಇಟ್ಟಿದ್ದಾರೆ. ಕೋಟು ತೊಟ್ಟವಳಿಗೆ ತಾನು ಯಾವುದರಿಂದ ತಪ್ಪಿಸಿಕೊಂಡಿದ್ದೇನೆ ಎಂಬ ಅರಿವೇ ಇನ್ನೂ ಇಲ್ಲ. ಮುಂದೆ ರೊಸಾಲಿ ಅವಳ ಮನೆಯಲ್ಲೇ ಆಶ್ರಯ ಪಡೆಯುತ್ತಾಳೆ, ಅವಳನ್ನು ಪ್ರೀತಿಸುತ್ತಾಳೆ, ಆ ಪ್ರೀತಿಯನ್ನು ಯಾರೂ ಗೇಲಿ ಮಾಡುವುದಿಲ್ಲ. 1979ರ ಟಿವಿಗೆ ಇದು ಸಣ್ಣ ಮಾತಲ್ಲ.

ಈಗ ಉಡುಪಿಗೆ ಬರುತ್ತೇನೆ. ಧಾರಾವಾಹಿಯಲ್ಲಿ ಆಸ್ಕರ್‌ಗೆ ಮೂರು ಕೋಟು. ಅರಮನೆಯ ಕಾವಲಿಗೆ ಸೇರಿದಾಗ ಬಿಳಿ, ಬಡ್ತಿ ಸಿಕ್ಕ ಮೇಲೆ ಕೆಂಪು, ಅರಮನೆಯನ್ನು ಬಿಟ್ಟು ಫ್ರೆಂಚ್ ಗಾರ್ಡ್ಸ್ ಪಡೆಗೆ ಹೋದಾಗ ನೀಲಿ. ಇತಿಹಾಸದಲ್ಲಿ ರಾಜನ ಅಂಗರಕ್ಷಕರ ಕೋಟೂ ನೀಲಿಯೇ. ಬಿಳಿ, ಕೆಂಪು ಎರಡೂ ಕಲಾವಿದರು ತೆಗೆದುಕೊಂಡ ಸ್ವಾತಂತ್ರ್ಯ. ಕುತ್ತಿಗೆ ತುಂಬ ಏರಿದ ಕಾಲರ್, ಎದೆಯ ಮೇಲಿನ ಜರಿ ಪಟ್ಟಿಗಳು, ಭುಜದಿಂದ ಇಳಿಬಿದ್ದ ಕುಚ್ಚು ಎಲ್ಲವೂ ನೆಪೋಲಿಯನ್ ಕಾಲದ ಸೇನಾ ಉಡುಪಿಗೆ ಹತ್ತಿರ. 1770ರ ದಶಕದ ಗಂಡಸರ ಕೋಟು ಕುತ್ತಿಗೆಯ ಬಳಿ ತಗ್ಗು, ಮುಂಭಾಗ ಹೊಟ್ಟೆಯಿಂದ ಹಿಂದಕ್ಕೆ ಸರಿದಿರುತ್ತದೆ, ಕೆಳಗೆ ಮೊಣಕಾಲಿನವರೆಗಿನ ಷರಾಯಿ, ರೇಷ್ಮೆಯ ಕಾಲುಚೀಲ. ಆಸ್ಕರ್ ತೊಡುವ ಉದ್ದ ಷರಾಯಿ ಆ ಕಾಲದಲ್ಲಿ ಕೂಲಿಕಾರರದು. 1792ರ ಹೊತ್ತಿಗೆ ಅದೇ ಕ್ರಾಂತಿಕಾರರ ಗುರುತಾಯಿತು. ತಪ್ಪು ಹುಡುಕಲು ಇದನ್ನು ಹೇಳುತ್ತಿಲ್ಲ. ಆ ಕಾಲದ ಆಸ್ಥಾನದ ಗಂಡಸನ್ನು ಇದ್ದಂತೆ ಬರೆದಿದ್ದರೆ ಪುಡಿ ಹಚ್ಚಿದ ಟೋಪನ್ನು ಧರಿಸಿ, ಹೂಬಳ್ಳಿಯ ಕಸೂತಿಯ ಗುಲಾಬಿ ರೇಷ್ಮೆ ತೊಟ್ಟವನನ್ನು ಬರೆಯಬೇಕಾಗುತ್ತಿತ್ತು. ಅವನ ಪಕ್ಕದಲ್ಲಿ ಆಸ್ಕರ್ ಗಂಡಾಗಿ ಯಾರ ಕಣ್ಣಿಗೂ ಕಾಣುತ್ತಿರಲಿಲ್ಲ. ಯಾವ ಬಟ್ಟೆ ಗಂಡಸಿನದು ಎಂಬುದು ಕಾಲಕ್ಕೆ ತಕ್ಕಂತೆ ಬದಲಾಗುತ್ತದೆ ಎಂಬುದಕ್ಕೆ ಈ ‘ತಪ್ಪು’ ಕೋಟೇ ಸಾಕ್ಷಿ.

ಪಾತ್ರಗಳ ವಿನ್ಯಾಸ ಶಿಂಗೊ ಅರಾಕಿ ಮತ್ತು ಮಿಚಿ ಹಿಮೆನೊ ಅವರದು. ಕೋಟಿನ ಭಾರವನ್ನು ಅವರು ಭುಜದ ಮೇಲೆ ಕೂರಿಸಿದ್ದಾರೆ. ಆಸ್ಕರ್ ತಿರುಗುವಾಗ ಮೊದಲು ಭುಜ ತಿರುಗುತ್ತದೆ, ಆಮೇಲೆ ಸೊಂಟ. ಆಂಟೊನೆಟ್ ತಿರುಗಿದರೆ ಮೊದಲು ಕತ್ತು, ಕೊನೆಯಲ್ಲಿ ಎಲ್ಲೋ ಹಿಂದಿನಿಂದ ಗೌನಿನ ಘೇರು ಅವಳನ್ನು ಹಿಂಬಾಲಿಸುತ್ತದೆ. ಉಡುಪು ಹೊಲಿಯುವವರಿಗೆ ಇದು ಗೊತ್ತು: ಬಾಲ್ಯದಿಂದ ಯಾವುದನ್ನು ತೊಡಿಸಿದ್ದಾರೋ ಅದು ನಡಿಗೆಯಲ್ಲಿ ಇಳಿದುಬಿಡುತ್ತದೆ. ಆಮೇಲೆ ಬಟ್ಟೆ ಬಿಚ್ಚಿದರೂ ನಡಿಗೆ ಬಿಚ್ಚಿಕೊಳ್ಳುವುದಿಲ್ಲ.

ಆ ಒಂದೇ ಗೌನಿನ ಕಂತು, ಅಂದರೆ 25ನೆಯದು, ನಿಂತಿರುವುದು ಇದರ ಮೇಲೆಯೇ. ಆಸ್ಕರ್ ಫರ್ಸೆನ್‌ನನ್ನು ಪ್ರೀತಿಸುತ್ತಾಳೆ. ಅವನು ರಾಣಿಯನ್ನು ಪ್ರೀತಿಸುತ್ತಾನೆ. ಒಂದು ಸಂಜೆ, ಯಾರಿಗೂ ಕಾರಣ ಹೇಳದೆ, ಅವಳು ಗೌನು ತೊಡುತ್ತಾಳೆ. ಮುದುಕಿ ದಾದಿಗೆ ಹಿಗ್ಗೋ ಹಿಗ್ಗು, ಇಷ್ಟು ವರ್ಷ ಕಾದ ಮದುವಣಗಿತ್ತಿಯನ್ನು ಸಿಂಗರಿಸುವ ಸಂಭ್ರಮ. ಮೆಟ್ಟಿಲ ಬಳಿ ಆಂದ್ರೇ ಮಾತು ಮರೆತು ನಿಲ್ಲುತ್ತಾನೆ. ನೃತ್ಯಕೂಟದಲ್ಲಿ ಯಾವುದೋ ಪರದೇಶದ ಕೌಂಟೆಸ್ ಎಂದು ಗುಸುಗುಸು ಹಬ್ಬುತ್ತದೆ. ಫರ್ಸೆನ್ ಅವಳೊಡನೆ ಕುಣಿಯುತ್ತಾ, ನಿಮ್ಮನ್ನು ಹೋಲುವ ಗೆಳೆಯರೊಬ್ಬರಿದ್ದಾರೆ ಎಂದು ಆಸ್ಕರ್‌ಳನ್ನೇ ಬಣ್ಣಿಸಲು ಶುರು ಮಾಡುತ್ತಾನೆ. ಸೌಂದರ್ಯವನ್ನು ಸೇನೆಯ ಕೋಟಿನೊಳಗೆ ಮುಚ್ಚಿಟ್ಟುಕೊಂಡವಳು ಎನ್ನುವ ಧಾಟಿಯ ಹೊಗಳಿಕೆ. ಅವಳು ಅಲ್ಲಿಂದ ಓಡುತ್ತಾಳೆ. ಮುಂದೆ ಅವನಿಗೆ ಗುರುತು ಹತ್ತುತ್ತದೆ, ಅಲ್ಲಿಗೆ ಸ್ನೇಹವೂ ಮುಗಿಯುತ್ತದೆ.

ಇದನ್ನು ‘ಒಳಗಿದ್ದ ಹೆಣ್ಣು ಹೊರಬಂದಳು’ ಎಂದು ನೋಡುವವರಿದ್ದಾರೆ. ನನಗೆ ಹಾಗೆ ಕಾಣಲಿಲ್ಲ. ಆ ಗೌನಿನಲ್ಲಿ ಆಸ್ಕರ್ ತನ್ನ ಜೀವಮಾನದಲ್ಲೇ ಅತಿ ದೊಡ್ಡ ವೇಷ ಹಾಕಿದ್ದಾಳೆ. ಹೆಸರಿಲ್ಲ, ಮಾತಿಲ್ಲ, ಕೆಲಸವಿಲ್ಲ, ತೋಳುಗಳನ್ನು ಏನು ಮಾಡಬೇಕೋ ಗೊತ್ತಿಲ್ಲ. ಅವಳು ಹೇಗೆ ಕಾಣಬೇಕೆಂದು ಊರಿಗೆಲ್ಲ ಆಸೆಯಿತ್ತೋ ಹಾಗೆ ಕಂಡ ದಿನವೇ, ಅವಳು ಬಯಸಿದವನು ‘ಆ ಇನ್ನೊಬ್ಬಳ’ ಬಗ್ಗೆ ಮಾತನಾಡುತ್ತಾನೆ. ಕೋಟಿನಲ್ಲಿರುವ ಆಸ್ಕರ್‌ಳೇ ಅವನ ಮನಸ್ಸಿನಲ್ಲಿರುವವಳು, ಆದರೆ ಗೆಳೆಯನಾಗಿ. ಎರಡು ಉಡುಪಿಗೂ ಹೊಂದದೆ ಉಳಿದುಹೋಗುವ ಆ ನೋವನ್ನು ಈ ಕಂತು ಒಂದೇ ಒಂದು ಭಾಷಣವಿಲ್ಲದೆ ಹೇಳಿಬಿಡುತ್ತದೆ. 19ನೇ ಕಂತಿನಿಂದ ನಿರ್ದೇಶನಕ್ಕೆ ಬಂದ ಒಸಾಮು ದೆಜಾಕಿ ಅವರ ಕೈವಾಡ ಇಲ್ಲಿ ಕಾಣುತ್ತದೆ. ಚಲಿಸುತ್ತಿರುವ ಚಿತ್ರ ಥಟ್ಟನೆ ನಿಂತು ಬಣ್ಣದ ಕಡ್ಡಿಯಿಂದ ತೀಡಿದ ವರ್ಣಚಿತ್ರವಾಗುತ್ತದೆ. ನೆನಪಿನಲ್ಲಿ ಅಚ್ಚಾಗಲಿ ಎಂದು ಅವರು ಆರಿಸುವ ಕ್ಷಣಗಳು ಹೆಚ್ಚಾಗಿ ಸರಿಯಾದವೇ. ತಡಾವೊ ನಾಗಹಾಮಾ ನಿರ್ದೇಶಿಸಿದ ಆರಂಭದ ಕಂತುಗಳು ಬೇರೆಯೇ ಹದದವು: ಬೆಳಕು ಜಾಸ್ತಿ, ಸಂಚು ಜಾಸ್ತಿ, ಖಳರ ಹಲ್ಲುಕಡಿತ ಜಾಸ್ತಿ.

ಆರಂಭದ ಆ ಕಂತುಗಳಲ್ಲಿ ನನಗೆ ಉಳಿದದ್ದು ಆಂಟೊನೆಟ್. ಇತಿಹಾಸದಲ್ಲಿ 1770ರ ಮೇ ತಿಂಗಳಲ್ಲಿ, ರೈನ್ ನದಿಯ ನಡುವಿನ ದ್ವೀಪದಲ್ಲಿ ಅವಳನ್ನು ಫ್ರಾನ್ಸಿಗೆ ಒಪ್ಪಿಸಿದರು. ಆಸ್ಟ್ರಿಯಾದ ಬಟ್ಟೆಗಳನ್ನೆಲ್ಲ ಕಳಚಿಸಿ ಫ್ರಾನ್ಸಿನ ಬಟ್ಟೆ ತೊಡಿಸಿ ಕಳುಹಿಸುವುದು ಆ ಶಾಸ್ತ್ರದ ಭಾಗ. ಹುಡುಗಿಯೊಬ್ಬಳಿಗೆ ದೇಶ ಬದಲಿಸಲು ಮೊದಲು ಲಂಗ ಬದಲಿಸಬೇಕು. ಅದಾದ ಮೇಲೆ ಅವಳ ಕೆಲಸ ಒಂದೇ, ಗಂಡುಮಗುವನ್ನು ಹೆರುವುದು. ಅದು ಆಗುವವರೆಗೆ ಅವಳು ಏನೂ ಅಲ್ಲ. ಅವಳ ಗಂಡ ಲೂಯಿಯ ಅಜ್ಜನೂ ಅಂದಿನ ರಾಜನೂ ಆದ ಹದಿನೈದನೇ ಲೂಯಿಯ ಪ್ರೇಯಸಿ ಮದಾಂ ದ್ಯು ಬಾರಿಯೊಡನೆ ಮಾತನಾಡುವುದಿಲ್ಲ ಎಂಬ ಅವಳ ಹಠ ಆಸ್ಥಾನವನ್ನೇ ಅಲುಗಾಡಿಸಿ, 1772ರ ಹೊಸ ವರ್ಷದ ದಿನ ಇವತ್ತು ವರ್ಸೇಲ್ಸ್‌ನಲ್ಲಿ ಜನ ಬಹಳ ಎಂಬ ಒಂದೇ ಸಾಲು ಹೇಳುವುದರೊಂದಿಗೆ ಮುಗಿಯಿತು. ಹೆಂಗಸರಿಗೆ ಉಳಿದಿದ್ದ ರಾಜಕಾರಣ ಇಷ್ಟೇ: ಯಾರೊಡನೆ ಮಾತು, ಯಾರೊಡನೆ ಮೌನ. ಆ ಸೋಲಿನಿಂದ ಅವಳು ಕುಸಿಯುವ ದೃಶ್ಯವನ್ನು ಧಾರಾವಾಹಿ ಹಾಸ್ಯ ಮಾಡದೆ ತೋರಿಸುತ್ತದೆ.

ಅವಳ ಸುತ್ತ ಇನ್ನೆಷ್ಟೋ ಹುಡುಗಿಯರಿದ್ದಾರೆ. ರಾಣಿಯ ಆಪ್ತ ಗೆಳತಿ ಪೊಲಿನ್ಯಾಕ್‌ಳ ಎಳೆಯ ಮಗಳು ಶಾರ್ಲೊಟ್‌ಳನ್ನು ಎಷ್ಟೋ ಹಿರಿಯನಾದ ಡ್ಯೂಕ್ ಒಬ್ಬನಿಗೆ ಕೊಡಲು ನಿಶ್ಚಯಿಸುತ್ತಾರೆ. ಅವಳಿಗೆ ಆಸ್ಕರ್ ಮೇಲೆ ಮೋಹ. ಕೊನೆಗೆ ಗೋಪುರದಿಂದ ಹಾರುತ್ತಾಳೆ. ಇತಿಹಾಸದ ಪೊಲಿನ್ಯಾಕ್‌ಳ ಮಗಳು ಹಾರಲಿಲ್ಲ, 1780ರಲ್ಲಿ ಹನ್ನೆರಡರ ವಯಸ್ಸಿಗೆ ಮದುವೆಯಾದಳು. ಸೈನಿಕ ಅಲೇನ್‌ನ ತಂಗಿ ಡಯಾನಾಳನ್ನು ಮದುವೆಯಾಗಬೇಕಿದ್ದವನು ಹಣವುಳ್ಳ ಹೆಣ್ಣನ್ನು ನೋಡಿಕೊಂಡು ಹೋದಾಗ ಅವಳೂ ಬದುಕುವುದಿಲ್ಲ. ಗೌನು ತೊಟ್ಟವರಿಗೆ ಈ ಕಥೆಯಲ್ಲಿ ಹೊರಬಾಗಿಲು ಕಡಿಮೆ. ಇದ್ದುದರಲ್ಲಿ ಬಾಗಿಲನ್ನು ಒದ್ದು ತೆರೆಯುವವಳು ರಾಣಿಯ ಹೆಸರು ಹೇಳಿ ವಜ್ರದ ಹಾರ ಲಪಟಾಯಿಸಿದ ಹಗರಣದ ಜೀನ್, ಮತ್ತು ಅವಳಿಗೆ ಖಳನಾಯಕಿಯ ಪಟ್ಟ. 1785ರ ಆ ಹಗರಣದ ಕಂತುಗಳು ಓಟದಲ್ಲಿ ಎಲ್ಲಕ್ಕಿಂತ ಚುರುಕು.

ಆಂದ್ರೇ ಬಗ್ಗೆ ಹೇಳುವುದು ಕಷ್ಟ. ಬಹಳ ಜನರ ಕಣ್ಣಿಗೆ ಅವನು ಆದರ್ಶ ಪ್ರೇಮಿ. ಸೇವಕನ ಜಾಗದಲ್ಲಿ ನಿಂತು, ಅವಳ ಹಿಂದೆ ಒಂದು ಹೆಜ್ಜೆ ಇಟ್ಟು, ಅವಳಿಗಾಗಿ ಕಣ್ಣನ್ನೇ ಕಳೆದುಕೊಂಡವನು. ಗಂಡು ಹೆಣ್ಣಿನ ಸ್ಥಾನಗಳು ಅದಲುಬದಲಾದ ಈ ಜೋಡಿಯಲ್ಲಿ ಕಾಯುವವನು ಅವನು, ಹೊರಗೆ ಹೋಗಿ ಗಾಯಗೊಂಡು ಬರುವವಳು ಅವಳು. ಆದರೆ 28ನೇ ಕಂತಿನಲ್ಲಿ, ಅವಳು ಇನ್ನು ಮುಂದೆ ಗಂಡಾಗಿಯೇ ಬದುಕುತ್ತೇನೆ ಎಂದಾಗ, ಗುಲಾಬಿ ಯಾವ ಬಣ್ಣದ್ದಾದರೂ ಗುಲಾಬಿಯೇ, ಲೈಲಾಕ್ ಆಗಲಾರದು ಎಂಬರ್ಥದ ಮಾತನಾಡಿ, ಅವಳನ್ನು ಹಿಡಿದೆಳೆದು ಅಂಗಿಯನ್ನು ಹರಿಯುತ್ತಾನೆ. ತಕ್ಷಣ ಪಶ್ಚಾತ್ತಾಪಪಟ್ಟು ಹಿಂದೆ ಸರಿಯುತ್ತಾನೆ, ಅವಳೂ ಮುಂದೆ ಅದನ್ನು ಎತ್ತಿ ಆಡುವುದಿಲ್ಲ. ಕಥೆಯೂ ಎತ್ತುವುದಿಲ್ಲ. ನೀನು ಎಷ್ಟೇ ಕತ್ತಿ ಹಿರಿದರೂ ನಿನ್ನ ದೇಹ ನನಗಿಂತ ದುರ್ಬಲ ಎಂದು ತೋರಿಸುವುದು ಒಂದು ವಾದವಾದರೆ, ಅದು ಹಳೆಯ ವಾದ. ಪ್ರೇಮದ ಉತ್ಕಟತೆ ಎಂದು ಅದನ್ನು ತೇಲಿಸಿಬಿಡುವುದು ನನಗೆ ಆಗದ ಕೆಲಸ. ಮುಂದೆ ಅವನ ಕಣ್ಣು ಪೂರ್ತಿ ಮಂಜಾದ ಮೇಲೆ, ಆಸ್ಕರ್‌ಳ ಭಾವಚಿತ್ರದ ಮುಂದೆ ನಿಂತು ಅದರಲ್ಲಿ ಇಲ್ಲದ್ದನ್ನೆಲ್ಲ ಬಣ್ಣಿಸುವ ದೃಶ್ಯವಿದೆ. ಚಿತ್ರಕಾರ ಅವಳನ್ನು ಕುದುರೆಯೇರಿದ ಯುದ್ಧದೇವತೆಯಂತೆ ಬರೆದಿದ್ದಾನೆ, ಆಂದ್ರೇ ಹೇಳುತ್ತಿರುವುದು ತನ್ನ ನೆನಪಿನ ಆಸ್ಕರ್‌ಳನ್ನು. ಇವನಿಗೆ ಕಾಣುತ್ತಿಲ್ಲ ಎಂದು ಆಗ ಅವಳಿಗೆ ತಿಳಿಯುತ್ತದೆ, ಆದರೂ ಹೌದೆನ್ನುತ್ತಾಳೆ. 28ನೇ ಕಂತನ್ನು ನಾನು ಕ್ಷಮಿಸಿಲ್ಲ, ಆದರೆ ಈ ದೃಶ್ಯದಲ್ಲಿ ಅತ್ತಿದ್ದೇನೆ.

ನನ್ನ ತಂಗಿಯ ಮಗಳು ಇದನ್ನೆಲ್ಲ ಬೇರೆಯಾಗಿ ನೋಡುತ್ತಾಳೆ. ಧಾರಾವಾಹಿಯನ್ನು ನನಗೆ ಹಚ್ಚಿಸಿದವಳೂ ಅವಳೇ. “ದೊಡ್ಡಮ್ಮ, ಆಸ್ಕರ್ ಗಂಡೇ. ಟ್ರಾನ್ಸ್ ಪುರುಷ. ಆ ಕಾಲದಲ್ಲಿ ಹಾಗೆ ಹೇಳಲು ಬಾಯಿರಲಿಲ್ಲ ಅಷ್ಟೇ,” ಎನ್ನುತ್ತಾಳೆ. ಅವಳ ಮಾತನ್ನು ತಳ್ಳಿಹಾಕುವಂತಿಲ್ಲ. ಆ ಕಾಲದಲ್ಲೇ ಶೆವಲಿಯೇ ದಿಯೋನ್ ಇದ್ದರು. ಡ್ರಾಗೂನ್ ಎಂಬ ಕುದುರೆ ಸೈನಿಕರ ಪಡೆಯ ಕ್ಯಾಪ್ಟನ್, ಹದಿನೈದನೇ ಲೂಯಿಯ ಗುಪ್ತಚರ. ತಾವು ಹೆಣ್ಣೆಂದು ಸಾರಿದ ಮೇಲೆ, 1777ರಲ್ಲಿ ರಾಜಾಜ್ಞೆ ಹೆಂಗಸರ ಉಡುಪನ್ನೇ ತೊಡಬೇಕೆಂದು ಕಟ್ಟುಮಾಡಿತು. ಡ್ರಾಗೂನ್ ಸಮವಸ್ತ್ರವನ್ನಾದರೂ ಉಳಿಸಿಕೊಳ್ಳುತ್ತೇನೆ ಎಂದು ಅವರು ಬೇಡಿದರೂ ಒಪ್ಪಿಗೆ ಸಿಗಲಿಲ್ಲ. ಅವರ ಹೊಸ ಗೌನುಗಳನ್ನು ಹೊಲಿದದ್ದು ರಾಣಿಯ ಉಡುಪುಗಾರ್ತಿ ರೋಸ್ ಬೆರ್ತಾಂ ಅವರ ಅಂಗಡಿ. 1810ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಾಗ ವೈದ್ಯರು ಪರೀಕ್ಷಿಸಿ ದೇಹ ಗಂಡಿನದೆಂದರು. ಅಂಥವರು ಓಡಾಡಿದ ಆಸ್ಥಾನದಲ್ಲಿ ಆಸ್ಕರ್ ಅಸಂಭವವೇನಲ್ಲ. ಬೆರ್ತಾಂ ಅವರ ಅಂಗಡಿಯಲ್ಲಿ ಆ ಅಳತೆಯನ್ನು ಯಾರು ತೆಗೆದುಕೊಂಡರೋ, ತೆಗೆಯುವಾಗ ಏನು ಮಾತಾಯಿತೋ ಎಂದು ನಾನು ಬಹಳ ಸಲ ಯೋಚಿಸಿದ್ದೇನೆ.

ಆದರೂ ನನ್ನ ಓದು ಬೇರೆ. ದಿಯೋನ್ ತಮ್ಮ ಬಗ್ಗೆ ತಾವೇ ಸಾರಿಕೊಂಡವರು. ಆಸ್ಕರ್ ಗಂಡಾಗಿದ್ದು ಅಪ್ಪನ ಅಪ್ಪಣೆಯಿಂದ. ತಾನು ಯಾರು ಎಂದು ಅವಳನ್ನು ಯಾರೂ ಕೇಳಲೇ ಇಲ್ಲ. ಮುಂದೆ ಅದೇ ಅಪ್ಪ, ದೇಶದ ಸ್ಥಿತಿ ಹದಗೆಡುವುದನ್ನು ಕಂಡು ಹೆದರಿ, ಮಗಳಿಗೆ ಮದುವೆ ಮಾಡಲು ಹೊರಡುತ್ತಾನೆ. ಹುಟ್ಟಿದ ದಿನ ಗಂಡಾಗು ಎಂದವನು ಮೂವತ್ತು ದಾಟಿದ ಮೇಲೆ ಹೆಣ್ಣಾಗು ಎನ್ನುತ್ತಾನೆ. ಎರಡೂ ಬಾರಿ ಅಳತೆಪಟ್ಟಿ ಅವನ ಕೈಯಲ್ಲೇ. ಮಾಂಗಾದಲ್ಲಿ ಇಲ್ಲಿ ಎರಡು ಅದ್ಭುತ ಪುಟಗಳಿವೆ. ವರರನ್ನು ಕರೆಸಿ ಅಪ್ಪ ಏರ್ಪಡಿಸಿದ ನೃತ್ಯಕೂಟಕ್ಕೆ ಆಸ್ಕರ್ ಸೇನೆಯ ವಿಧ್ಯುಕ್ತ ಉಡುಪಿನಲ್ಲಿ ಬಂದು, ಹೆಂಗಸರೊಡನೆ ಕುಣಿದು, ಹೊರಟುಹೋಗುತ್ತಾಳೆ. ಆಮೇಲೆ ಅಪ್ಪನಿಗೆ ಬೈಯುವ ಬದಲು ವಂದಿಸುತ್ತಾಳೆ: ಹೆಣ್ಣಾಗಿ ಹುಟ್ಟಿಯೂ ಇಷ್ಟು ದೊಡ್ಡ ಲೋಕವನ್ನು ನೋಡುವ, ಮನುಷ್ಯಳಾಗಿ ಬದುಕುವ ದಾರಿ ಕೊಟ್ಟಿರಿ ಎಂಬರ್ಥದಲ್ಲಿ. ಯಾರೋ ತೊಡಿಸಿದ ಕೋಟನ್ನು ಆ ಗಳಿಗೆಯಲ್ಲಿ ಅವಳು ತನ್ನದಾಗಿ ತೊಡುತ್ತಾಳೆ. ಅದಕ್ಕೆ ಗಂಡು ಎನ್ನುವುದೋ ಹೆಣ್ಣು ಎನ್ನುವುದೋ ಎಂಬ ಪ್ರಶ್ನೆಗೆ ಅವಳು ಕೊನೆಯವರೆಗೂ ಕುಳಿತು ಉತ್ತರ ಬರೆಯುವುದಿಲ್ಲ. ಹುಡುಗಿ ಇದನ್ನು ಕೇಳಿ, “ನಿಮಗೆ ಬೇಕಾದಂತೆ ಹೊಲಿದುಕೊಂಡಿರಿ,” ಎಂದಳು. ಇರಬಹುದು.

ನೀಲಿ ಕೋಟಿನ ಭಾಗ ಇನ್ನೂ ಗಟ್ಟಿ. ಫ್ರೆಂಚ್ ಗಾರ್ಡ್ಸ್ ಪಡೆಯ ಸೈನಿಕರು ಬಡವರು. ಮನೆಯವರ ಹೊಟ್ಟೆಗೆಂದು ಸರ್ಕಾರದ ಬಂದೂಕನ್ನೇ ಮಾರುವವರಿದ್ದಾರೆ. ಅವರಿಗೆ ಹೆಂಗಸಿನ ಕೈಕೆಳಗೆ ಇರುವುದು ಅವಮಾನ. ಅದಕ್ಕಿಂತ ದೊಡ್ಡ ಅವಮಾನ ಶ್ರೀಮಂತಳ ಕೈಕೆಳಗೆ ಇರುವುದು. ಎರಡನ್ನೂ ಅವಳು ಒಟ್ಟಿಗೆ ಎದುರಿಸಬೇಕು. ಅರಮನೆಯಲ್ಲಿ ಅವಳ ಹೆಣ್ತನವನ್ನು ಮುಚ್ಚಿದ್ದು ಅವಳ ಕುಲ. ಇಲ್ಲಿ ಕುಲ ಕೆಲಸಕ್ಕೆ ಬಾರದಾದಾಗ ಮೊದಲ ಸಲ ಅವಳು ಬರೀ ಹೆಣ್ಣಾಗಿ ಕಾಣುತ್ತಾಳೆ. ಕತ್ತಿಯಲ್ಲಿ ಗೆದ್ದು ಅವಳು ಅವರನ್ನು ಒಲಿಸಿಕೊಳ್ಳುವುದಿಲ್ಲ. ಸೆರೆಗೆ ಬಿದ್ದ ಸೈನಿಕರನ್ನು ಬಿಡಿಸಲು ಪ್ಯಾರಿಸ್ಸಿನ ಜನ ಸೇರುವಂತೆ ಮಾಡಿದಾಗ ಒಲಿಯುತ್ತಾರೆ. 1789ರ ಜೂನ್ 30ರಂದು ಆಬೇ ಸೆರೆಮನೆಗೆ ಜನ ನುಗ್ಗಿ ಫ್ರೆಂಚ್ ಗಾರ್ಡ್ಸ್ ಸೈನಿಕರನ್ನು ಬಿಡಿಸಿದ್ದು ನಡೆದ ಸಂಗತಿಯೇ. ಕಲ್ಪನೆಯ ನಾಯಕಿಯನ್ನು ಅದರ ಪಕ್ಕದಲ್ಲಿ ನಿಲ್ಲಿಸಿದ ರೀತಿ ಜಾಣತನದ್ದು.

ಇಷ್ಟೆಲ್ಲ ಕಟ್ಟಿದ ಮೇಲೆ ಜುಲೈ 13ರ ಬೆಳಗು. ಪಡೆಗೆ ಜನರ ಮೇಲೆ ಹೋಗುವ ಆಜ್ಞೆ ಬಂದಿದೆ. ಹಿಂದಿನ ರಾತ್ರಿ ಆಸ್ಕರ್ ಮತ್ತು ಆಂದ್ರೇ ಒಂದಾಗಿದ್ದಾರೆ. ಮಾಂಗಾದ ಆಸ್ಕರ್ ತನ್ನ ಪಡೆಯ ಮುಂದೆ ನಿಂತು, ಪದವಿ, ಆಸ್ತಿ ಎಲ್ಲವನ್ನೂ ತಾನೇ ಕಿತ್ತೊಗೆದು, ಸ್ವಾತಂತ್ರ್ಯದ ಮಾತನಾಡಿ ಜನರ ಕಡೆ ಸೇರುತ್ತಾಳೆ. ಧಾರಾವಾಹಿಯ ಆಸ್ಕರ್ ಪಡೆಯ ಮುಂದೆ ನಿಂತು, ತಾನೀಗ ಆಂದ್ರೇ ಗ್ರಾಂದಿಯೇಯ ಹೆಂಡತಿ, ಗಂಡ ನಂಬಿದ ದಾರಿಯಲ್ಲಿ ನಡೆಯುತ್ತೇನೆ ಎಂದು ಹೇಳಿ, ದಳಪತಿಯ ಹುದ್ದೆಯನ್ನು ಬಿಟ್ಟು, ಅಪ್ಪಣೆ ಕೊಡು ಎಂದು ಆಂದ್ರೇಯತ್ತ ನೋಡುತ್ತಾಳೆ.

ಅಲ್ಲಿ ನಿಲ್ಲಿಸಿ ಹಿಂದಕ್ಕೆ ಹೋಗಿ ಮತ್ತೊಮ್ಮೆ ನೋಡಿದೆ. 37 ಕಂತು ಅಪ್ಪನ, ರಾಣಿಯ, ರಾಜನ ಆಜ್ಞೆಗಳಿಂದ ಒಂದೊಂದಾಗಿ ಹೊರಬಂದವಳು 38ನೆಯದರಲ್ಲಿ ಗಂಡನ ಆಜ್ಞೆ ಕೇಳುತ್ತಾಳೆ. ಅದೂ ಮಂಜುಗಣ್ಣಿನ, ಅಲ್ಲಿಯವರೆಗೆ ಅವಳ ಆಜ್ಞೆಯನ್ನೇ ಕೇಳಿಕೊಂಡಿದ್ದ ಗಂಡನನ್ನು. ಇದರಲ್ಲಿ ಕುಲದ ಅಹಂಕಾರವನ್ನು ಬಿಡುವ ವಿನಯವಿದೆ, ಒಡತಿ ಸೇವಕನಿಗೆ ತಲೆಬಾಗುವುದೇ ಕ್ರಾಂತಿ ಎಂದು ಸಮರ್ಥಿಸುವವರಿದ್ದಾರೆ. ವಾದ ಚೆನ್ನಾಗಿದೆ. ಆದರೆ ಸೇವಕನ ಸಮಾನಳಾಗಲು ಹೆಂಡತಿಯಾಗಿ ವಿಧೇಯಳಾಗಬೇಕೇಕೆ? ಅದೇ ಬೆಳಗ್ಗೆ ಅಲೇನ್‌ನಾಗಲಿ ಇನ್ಯಾವ ಸೈನಿಕನಾಗಲಿ ಯಾರ ಅಪ್ಪಣೆಯನ್ನೂ ಬೇಡುವುದಿಲ್ಲ, ತಮ್ಮ ಬುದ್ಧಿಗೆ ತೋಚಿದಂತೆ ಜನರ ಕಡೆ ಹೋಗುತ್ತಾರೆ. ಆ ದಿನವೇ ಆಂದ್ರೇ ಗುಂಡಿಗೆ ಬೀಳುತ್ತಾನೆ. ಮರುದಿನ ಬ್ಯಾಸ್ಟೀಲ್ ಮುಂದೆ ಫಿರಂಗಿ ಹಾರಿಸಲು ಆಸ್ಕರ್ ಮತ್ತೆ ದಳಪತಿಯಾಗಿ ನಿಲ್ಲುತ್ತಾಳೆ, ಅಲ್ಲಿಯೇ ಸಾಯುತ್ತಾಳೆ. ಗಂಡ ಇಲ್ಲವಾದ ಮೇಲೆ ಮಾತ್ರ ಅಧಿಕಾರ ವಾಪಸ್ಸು ಬಂದಂತಾಯಿತು. ಬರೆದವರಿಗೆ ಇದು ಹೊಳೆದಿತ್ತೋ ಇಲ್ಲವೋ.

ಸಿಟ್ಟು ಇಳಿದ ಮೇಲೆ ಹೊಳೆದದ್ದು, ಇತಿಹಾಸದ ಕ್ರಾಂತಿ ಮಾಡಿದ್ದೂ ಇದನ್ನೇ. 1789ರ ಅಕ್ಟೋಬರ್ 5ರಂದು ಪ್ಯಾರಿಸ್ಸಿನ ಮಾರುಕಟ್ಟೆಯ ಹೆಂಗಸರು ಮಳೆಯಲ್ಲಿ ವರ್ಸೇಲ್ಸ್‌ಗೆ ನಡೆದು ರಾಜನನ್ನು ಪ್ಯಾರಿಸ್ಸಿಗೆ ಎಳೆತಂದರು. 1791ರಲ್ಲಿ ಒಲಿಂಪ್ ದ ಗೂಜ್ ಹೆಂಗಸರ ಹಕ್ಕುಗಳ ಘೋಷಣೆಯನ್ನು ಬರೆದರು. 1792ರ ಮಾರ್ಚ್‌ನಲ್ಲಿ ಪೋಲಿನ್ ಲೆಯೋಂ 300ಕ್ಕೂ ಹೆಚ್ಚು ಹೆಂಗಸರ ಸಹಿ ಹಿಡಿದು, ನಮಗೂ ಆಯುಧ ಕೊಡಿ ಎಂದು ಶಾಸನಸಭೆಯನ್ನು ಕೇಳಿದರು. 1793ರ ಏಪ್ರಿಲ್ 30ರ ಕಟ್ಟಳೆ ಸೇನೆಯಲ್ಲಿದ್ದ ಹೆಂಗಸರನ್ನು ಹೊರಗೆ ಕಳುಹಿಸಿತು, ಅಕ್ಟೋಬರ್ 30ರಂದು ಹೆಂಗಸರ ಸಂಘಗಳನ್ನೇ ನಿಷೇಧಿಸಿದರು, ನವೆಂಬರ್ 3ರಂದು ದ ಗೂಜ್ ತಲೆ ಉರುಳಿತು. 1800ರಲ್ಲಿ ಪ್ಯಾರಿಸ್ ಪೊಲೀಸರು ಹೆಂಗಸರು ಗಂಡಸರ ಉಡುಪು ತೊಡಲು ಪರವಾನಗಿ ಬೇಕೆಂದು ಆಜ್ಞೆ ಹೊರಡಿಸಿದರು. ಆಸ್ಕರ್ ಬದುಕಿ ಉಳಿದಿದ್ದರೆ ನಲವತ್ತನಾಲ್ಕನೇ ವಯಸ್ಸಿನಲ್ಲಿ ಷರಾಯಿಗೆ ಅರ್ಜಿ ಹಾಕಬೇಕಾಗುತ್ತಿತ್ತು. ಇದರಲ್ಲಿ ಒಂದೂ ಧಾರಾವಾಹಿಯಲ್ಲಿ ಚರ್ಚೆಯಾಗುವುದಿಲ್ಲ. ಆಸ್ಕರ್ ಸತ್ತ ಮೇಲಿನದೆಲ್ಲ ಕೊನೆಯ ಕಂತಿನಲ್ಲಿ ಓಡಿಹೋಗುತ್ತದೆ. ಅದರಲ್ಲೂ ಆಂಟೊನೆಟ್ ಸೆರೆಮನೆಯಲ್ಲಿ ಕಾಗದದಿಂದ ಮಾಡಿದ ಗುಲಾಬಿಗೆ ಆಸ್ಕರ್‌ಗೆ ಇಷ್ಟವಾದ ಬಣ್ಣ ಹಚ್ಚು ಎಂದು ರೊಸಾಲಿಗೆ ಕೊಡುವುದು, ಆ ಬಣ್ಣ ಯಾವುದೆಂದು ತಾನು ಕೇಳಿಯೇ ಇರಲಿಲ್ಲ ಎಂದು ರೊಸಾಲಿ ಹೇಳುವುದು ಮಾತ್ರ ಮನಸ್ಸಿನಲ್ಲಿ ಕೂರುತ್ತದೆ.

ಸಣ್ಣಪುಟ್ಟ ದೂರುಗಳಿವೆ. ಪ್ಯಾರಿಸ್ಸಿನ ಬೀದಿಯಲ್ಲಿ ಅಕಾರ್ಡಿಯನ್ ನುಡಿಸುವ ಭಿಕ್ಷುಕನೊಬ್ಬ ಮತ್ತೆ ಮತ್ತೆ ಬರುತ್ತಾನೆ. ಆ ವಾದ್ಯಕ್ಕೆ ಪೇಟೆಂಟ್ ಆದದ್ದು 1829ರಲ್ಲಿ, ವಿಯೆನ್ನಾದಲ್ಲಿ. ಕೇಳಲು ಹಿತವಾಗಿದೆ ಎಂದು ಬಿಟ್ಟುಬಿಟ್ಟೆ. ಒಂದೇ ಚಲನೆಯನ್ನು ಮೂರು ಸಲ ತೋರಿಸುವ ದೆಜಾಕಿ ಅವರ ಅಭ್ಯಾಸ ಮೂವತ್ತನೇ ಕಂತಿನ ಹೊತ್ತಿಗೆ ತಾಳ್ಮೆ ಕೆಡಿಸುತ್ತದೆ. ಆರಂಭದ ಹಾಡಿನಲ್ಲಿ ನಾಯಕಿಯನ್ನು ಬಟ್ಟೆಯಿಲ್ಲದೆ ಮುಳ್ಳಿನ ಬಳ್ಳಿಯಲ್ಲಿ ಸುತ್ತಿ ತೋರಿಸುವುದು ಇಡೀ ಕಥೆಯ ಕೋಟಿಗೇ ವಿರುದ್ಧ. ಅದನ್ನು ನಾನು ದಾಟಿಸಿಯೇ ನೋಡಿದೆ. ಆಸ್ಕರ್‌ಗೆ ದನಿ ಕೊಟ್ಟ ರೇಕೊ ತಾಜಿಮಾ ಅವರ ಬಗ್ಗೆ ಮಾತ್ರ ದೂರಿಲ್ಲ. ಗಂಡಸಿನ ಗಡಸನ್ನು ನಟಿಸಲು ಹೋಗದೆ, ತಗ್ಗಿದ ದನಿಯಲ್ಲಿ, ಆಜ್ಞೆ ಕೊಟ್ಟು ರೂಢಿಯಾದವರ ನಿಧಾನದಲ್ಲಿ ಮಾತನಾಡುತ್ತಾರೆ.

2025ರ ಸಿನಿಮಾ ಮಾಪಾ ಸ್ಟುಡಿಯೋದ್ದು, ನಿರ್ದೇಶನ ಐ ಯೋಶಿಮುರಾ ಅವರದು. ನೆಟ್‌ಫ್ಲಿಕ್ಸ್‌ನಲ್ಲಿದೆ. ಸುಮಾರು ಎರಡು ಗಂಟೆಯಲ್ಲಿ ಇಪ್ಪತ್ತು ವರ್ಷದ ಕಥೆ. ಕವಲುಗಳನ್ನೆಲ್ಲ ಕಡಿದು, ಆಂಟೊನೆಟ್, ಆಸ್ಕರ್, ಆಂದ್ರೇ, ಫರ್ಸೆನ್ ನಾಲ್ವರನ್ನೇ ಉಳಿಸಿಕೊಂಡು, ಉಳಿದ ವರ್ಷಗಳನ್ನು ಹಾಡುಗಳ ಮೇಲೆ ದಾಟಿಸಿದ್ದಾರೆ. ಬಣ್ಣಗಳು ಕಣ್ಣು ಕುಕ್ಕುತ್ತವೆ, ಜರಿ ಹೊಳೆಯುತ್ತದೆ, ಕೋಟಿಗೆ ಭಾರವೇ ಇಲ್ಲ. ಮಿಯುಕಿ ಸವಾಶಿರೊ ಅವರ ದನಿ ಚೆನ್ನಾಗಿದೆ, ಮಾಂಗಾದ ಮನಸ್ಸಿಗೂ ಇದು ಹತ್ತಿರ. ಆದರೆ ಹಸಿದ ಪ್ಯಾರಿಸ್ ಇಲ್ಲಿ ಹಿನ್ನೆಲೆಯ ಪರದೆಯಷ್ಟೇ, ಹಾಗಾಗಿ ಆಸ್ಕರ್ ಯಾಕೆ ಬದಲಾದಳು ಎಂಬುದು ಹಾಡಿನ ನಡುವೆ ಎಲ್ಲೋ ಕಳೆದುಹೋಗುತ್ತದೆ.

ಹೊಸದಾಗಿ ನೋಡುವವರು ಸಿನಿಮಾದಿಂದ ಶುರು ಮಾಡಬೇಡಿ. ಟಿವಿ ಧಾರಾವಾಹಿಯ ಮೊದಲ ಹತ್ತು ಹನ್ನೆರಡು ಕಂತುಗಳ ಅರಮನೆಯ ಸಂಚುಗಳಿಗೆ ಬೇಸತ್ತು ಬಿಟ್ಟುಬಿಡುವವರು ಬಹಳ. ದ್ಯು ಬಾರಿಯ ಜಗಳವನ್ನು ಆನಂದಿಸಿ, ಉಳಿದದ್ದನ್ನು ಸಹಿಸಿಕೊಳ್ಳಿ, 19ರಿಂದ ಕಥೆ ತಾನೇ ಹಿಡಿದುಕೊಳ್ಳುತ್ತದೆ. ಹನ್ನೆರಡು ಹದಿಮೂರರ ಮಕ್ಕಳ ಜೊತೆ ನೋಡುವುದಾದರೆ ಶಾರ್ಲೊಟ್‌ಳ ಕಂತನ್ನೂ 28ನೆಯದನ್ನೂ ಮೊದಲು ನೀವು ನೋಡಿಕೊಳ್ಳಿ, ಆಮೇಲೆ ಮಾತನಾಡಬೇಕಾಗುತ್ತದೆ. 37 ಮುಗಿದ ಮೇಲೆ ಸಾಧ್ಯವಾದರೆ ಮಾಂಗಾದ ಜುಲೈ ತಿಂಗಳ ಪುಟಗಳನ್ನು ಓದಿ. ಇಂಗ್ಲಿಷ್ ಅನುವಾದ ಐದು ಸಂಪುಟಗಳಲ್ಲಿ ಸಿಗುತ್ತದೆ, ತೂಕವೂ ಬೆಲೆಯೂ ಜಾಸ್ತಿ, ಗ್ರಂಥಾಲಯದಲ್ಲಿ ಸಿಕ್ಕರೆ ಒಳ್ಳೆಯದು. ಅಲ್ಲಿ ಪಡೆಯ ಮುಂದೆ ಆಸ್ಕರ್ ಆಡುವ ಮಾತನ್ನು ಓದಿಕೊಂಡು ಬಂದು 38ನ್ನು ಹಾಕಿ.